ಮಗುವನ್ನು ಹಾಸ್ಟೆಲಿಗೆ ಬಿಡುವವರು ಏನು ನೋಡಬೇಕು, ಏನು ಕೇಳಬೇಕು

ಹಾಸ್ಟೆಲ್ ನೋಡೋಕೆ ಹೋದವರು ಸಾಮಾನ್ಯವಾಗಿ ಆಫೀಸ್ ರೂಮಿನಲ್ಲಿ ಕೂತು, ಗೋಡೆ ಮೇಲಿನ ರಿಸಲ್ಟ್ ಬೋರ್ಡ್ ಓದಿ, ಕೊಟ್ಟ ಕಾಫಿ ಕುಡಿದು ಬರುತ್ತಾರೆ. ನೀವು ಎದ್ದು ಬಚ್ಚಲುಮನೆ ಕಡೆ ಹೋಗಿ. ಬಾಗಿಲಿಗೆ ಒಳಗಡೆ ಚಿಲಕ ಇದೆಯಾ? ಇದ್ದರೆ ಅದು ಸರಿಯಾಗಿ ಕೂರುತ್ತದಾ, ಇಲ್ಲ ದಾರ ಕಟ್ಟಿದ್ದಾರಾ? ಮಲಗುವ ರೂಮಿನಿಂದ ಟಾಯ್ಲೆಟ್‌ಗೆ ಹೋಗುವ ದಾರಿಯಲ್ಲಿ ಬಲ್ಬ್ ಉರಿಯುತ್ತದಾ? ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಹತ್ತು ವರ್ಷದ ಮಗುವಿಗೆ ಒಂದಕ್ಕೆ ಹೋಗಬೇಕು ಅನಿಸಿದರೆ ಅದು ಯಾರನ್ನು ಎಬ್ಬಿಸಬೇಕು, ಬೀಗ ತೆಗೆಯುವವರು ಯಾರು, ಆ ಮನುಷ್ಯ ಮಲಗುವುದು ಎಲ್ಲಿ? ಇಷ್ಟು ಕೇಳಿ ಬನ್ನಿ. ಫಲಿತಾಂಶ ಆಮೇಲೆ ನೋಡಿದರೂ ಆಯಿತು.

ನಮ್ಮ ಹಾಸನ, ಪಕ್ಕದ ಚಿಕ್ಕಮಗಳೂರು ಕಡೆ ಮನೆ ಬಿಟ್ಟು ಓದುವ ಮಕ್ಕಳಿಗೆ ಕಡಿಮೆ ಇಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ ಇರುವವರಿಗೆ ಹೈಸ್ಕೂಲ್ ದೂರ, ಬಸ್ಸು ದಿನಕ್ಕೆ ಎರಡು, ಮಳೆಗಾಲದಲ್ಲಿ ಅದೂ ಇಲ್ಲ. ಅರಸೀಕೆರೆ, ಕಡೂರು ಕಡೆಯವರು ದುಡಿಯೋಕೆ ಬೆಂಗಳೂರಿಗೆ ಹೋಗುತ್ತಾರೆ, ಮಗುವನ್ನು ಎಲ್ಲಾದರೂ ಬಿಡಲೇಬೇಕು. ಹಾಗಾಗಿ ಮೊರಾರ್ಜಿ ಶಾಲೆ, ಚೆನ್ನಮ್ಮ ಶಾಲೆ, ಆಶ್ರಮ ಶಾಲೆ, ಬಿಸಿಎಂ ಹಾಸ್ಟೆಲ್, ನವೋದಯ, ಮಠದ ಹಾಸ್ಟೆಲ್, ಚರ್ಚಿನ ಬೋರ್ಡಿಂಗ್, ಮದರಸ, ಕ್ರೀಡಾ ಹಾಸ್ಟೆಲ್, ಈಗ ಎಲ್ಲಾ ಕಡೆ ಎದ್ದಿರುವ ಖಾಸಗಿ ರೆಸಿಡೆನ್ಷಿಯಲ್ ಪಿಯು ಕಾಲೇಜು. ಇವುಗಳಿಂದ ಎಷ್ಟೋ ಮನೆಯ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಹಾಸ್ಟೆಲ್ ಬೇಡ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಬಿಡುವ ಮುಂಚೆ ಮತ್ತು ಬಿಟ್ಟ ಮೇಲೆ ನಮ್ಮ ಕೈಯಲ್ಲಿ ಏನು ಮಾಡೋಕೆ ಆಗುತ್ತದೆ ಅನ್ನುವುದಷ್ಟೇ ವಿಷಯ.

ಮೊದಲು ಒಂದು ಮಾತು. ಕೆಟ್ಟ ಮನುಷ್ಯನನ್ನು ಮುಖ ನೋಡಿ ಕಂಡುಹಿಡಿಯುತ್ತೇನೆ ಅಂತ ಹೊರಟರೆ ಸೋಲುತ್ತೀರಿ. ಮಕ್ಕಳಿಗೆ ತೊಂದರೆ ಕೊಡುವವರು ಬಹಳ ಸಲ ಎಲ್ಲರಿಗೂ ಬೇಕಾದವರು, ನಗುನಗುತ್ತಾ ಮಾತಾಡುವವರು, ಊರ ಕೆಲಸಕ್ಕೆ ಮುಂದೆ ಬರುವವರು. ನೀವು ಹುಡುಕಬೇಕಾದ್ದು ಮನುಷ್ಯನನ್ನಲ್ಲ, ಅವಕಾಶವನ್ನು. ಎಲ್ಲಾ ಒಬ್ಬರ ಕೈಯಲ್ಲೇ ಇರುವ ಕಡೆ ಅವಕಾಶ ಇರುತ್ತದೆ. ರೂಮಿನ ಕೀಲಿ ಅವರದ್ದು, ಫೋನ್ ಅವರದ್ದು, ರಜೆ ಕೊಡುವವರು ಅವರು, ಊಟ ಬಡಿಸುವವರು ಅವರ ನೆಂಟರು, ದೂರು ಪೆಟ್ಟಿಗೆ ತೆಗೆಯುವವರೂ ಅವರೇ. ಅಂಥ ಕಡೆ ಮಗುವಿಗೆ ಏನಾದರೂ ಆದರೆ ಅದು ಯಾರ ಹತ್ತಿರ ಹೇಳಬೇಕು? ಇದೊಂದು ಪ್ರಶ್ನೆ ಇಟ್ಟುಕೊಂಡು ಎಲ್ಲವನ್ನೂ ನೋಡಿ.

ಇನ್ನೊಂದು, ಗಂಡು ಹುಡುಗ ಬಿಡಿ, ಅವನಿಗೇನಾಗುತ್ತದೆ ಅನ್ನುವ ಮಾತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅದರಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಅಂದರು, ಹಾಗೆ ಹೇಳಿದವರಲ್ಲಿ ಹುಡುಗರೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಹುಡುಗ, ಹುಡುಗಿ ಇಬ್ಬರಿಗೂ.

ಸೇರಿಸುವ ಮುಂಚೆ

ಬೆಳಗ್ಗೆ ಹೋಗಬೇಡಿ, ಸಂಜೆ ಐದು ಆರು ಗಂಟೆಗೆ ಹೋಗಿ. ಬೆಳಗ್ಗೆ ಮೇಷ್ಟ್ರುಗಳೆಲ್ಲ ಇರುತ್ತಾರೆ, ಎಲ್ಲಾ ಚೆನ್ನಾಗೇ ಕಾಣುತ್ತದೆ. ಸಂಜೆ ಮೇಲೆ ಯಾರು ಉಳಿಯುತ್ತಾರೆ ಅನ್ನುವುದು ಮುಖ್ಯ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹೆಂಗಸು ನಿಲಯ ಪಾಲಕರು ರಾತ್ರಿ ಅಲ್ಲೇ ಇರುತ್ತಾರಾ, ಇಲ್ಲ ಹೆಸರಿಗೆ ಮಾತ್ರ ಇದ್ದು ರಾತ್ರಿ ಎಂಟಕ್ಕೆ ಮನೆಗೆ ಹೋಗುತ್ತಾರಾ? ಎರಡು ಹಾಸ್ಟೆಲಿಗೆ ಒಬ್ಬರೇ ವಾರ್ಡನ್ ಅನ್ನುವುದನ್ನೂ ಕೇಳಿರುತ್ತೀರಿ. ಹಾಗಿದ್ದರೆ ಅವರು ಇನ್ನೊಂದು ಕಡೆ ಇರುವ ರಾತ್ರಿ ಇಲ್ಲಿ ಯಾರು?

ಐದನೇ ಕ್ಲಾಸಿನ ಮಗುವೂ ಪಿಯು ಹುಡುಗರೂ ಒಂದೇ ರೂಮಿನಲ್ಲಿ ಮಲಗುತ್ತಾರಾ ನೋಡಿ. ತೊಂದರೆ ಯಾವಾಗಲೂ ದೊಡ್ಡವರಿಂದಲೇ ಬರುತ್ತದೆ ಅಂತ ಇಲ್ಲ, ಸೀನಿಯರ್ ಹುಡುಗರಿಂದ ಬರುವುದೂ ಉಂಟು, ಅದನ್ನು 'ಹುಡುಗರ ತಮಾಷೆ' ಅಂತ ತಳ್ಳಿಹಾಕುವ ಹಾಸ್ಟೆಲ್ ಸರಿಯಿಲ್ಲ. ಸಿಬ್ಬಂದಿ ಮನೆ ಕಾಂಪೌಂಡಿನ ಒಳಗೇ ಇದ್ದರೆ ಮಕ್ಕಳು ಅಲ್ಲಿಗೆ ಕಸ ಗುಡಿಸೋಕೆ, ಬಟ್ಟೆ ಒಗೆಯೋಕೆ, ಕಾಲು ಒತ್ತೋಕೆ ಹೋಗುತ್ತಾರಾ ಅಂತ ಅಲ್ಲಿನ ಮಕ್ಕಳನ್ನೇ ಸುಮ್ನೆ ಮಾತಿನ ನಡುವೆ ಕೇಳಿ. ಹುಷಾರಿಲ್ಲದ ಮಗುವನ್ನು ಎಲ್ಲಿ ಮಲಗಿಸುತ್ತಾರೆ? ಬೇರೆ ರೂಮಿನಲ್ಲಿ ಒಂದೇ ಮಲಗಿರುವಾಗ ಒಳಗೆ ಹೋಗಿ ಬರುವವರು ಯಾರು? ಆಟದ ಟೂರ್ನಮೆಂಟಿಗೆ ಹುಡುಗಿಯರನ್ನು ಕರೆದುಕೊಂಡು ಹೋದರೆ ಜೊತೆಗೆ ಟೀಚರಮ್ಮ ಇರುತ್ತಾರಾ?

ಕ್ಯಾಮೆರಾ ಹಾಕಿದ್ದೇವೆ ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ಒಳ್ಳೆಯದೇ. ಆದರೆ ಅದರ ಟಿವಿ ಯಾರ ರೂಮಿನಲ್ಲಿದೆ, ರೆಕಾರ್ಡಿಂಗ್ ಅಳಿಸೋಕೆ ಯಾರಿಗೆ ಬರುತ್ತದೆ ಕೇಳಿ. ಮತ್ತೆ ಅದೇ ಪ್ರಶ್ನೆ, ಎಲ್ಲಾ ಒಬ್ಬರ ಕೈಯಲ್ಲೇ ಇದೆಯಾ ಅಂತ.

ಕಾಗದದ ವಿಷಯ. ಅನಾಥ ಮಕ್ಕಳು, ಅಪ್ಪ ಇಲ್ಲದ ಮಕ್ಕಳು, ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಮನೆ, ಸರ್ಕಾರದ್ದೋ, ಟ್ರಸ್ಟಿನದ್ದೋ, ಮಠದ್ದೋ, 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಆಗಿರಲೇಬೇಕು. ಆಗದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ದಂಡ, ಇಲ್ಲವೇ ಎರಡೂ. ನೋಂದಣಿ ಇದೆಯಾ ಅಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬಹುದು. ಇನ್ನು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಇರುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳ ಪ್ರಕಾರ ಮಕ್ಕಳಿರುವ ಯಾವ ಸಂಸ್ಥೆಯಾದರೂ ತನ್ನ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಾಗ ಮಾಡಿಸಬೇಕು. ಟೀಚರ್ ಮಾತ್ರ ಅಲ್ಲ, ಅಡುಗೆಯವರು, ಡ್ರೈವರ್, ವಾಚ್‌ಮನ್, ಗುತ್ತಿಗೆ ಮೇಲೆ ಬಂದವರು, ಎಲ್ಲರದ್ದೂ. "ಸಾರ್, ಸ್ಟಾಫ್‌ದು ಪೊಲೀಸ್ ವೆರಿಫಿಕೇಶನ್ ಆಗಿದ್ಯಾ?" ಅಂತ ನೇರವಾಗಿ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಗಮನಿಸಿ. "ಒಳ್ಳೇದು ಕೇಳಿದ್ರಿ, ಬನ್ನಿ ತೋರಿಸ್ತೀನಿ" ಅನ್ನುವವರು ಒಂದು ಥರ. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿಲ್ಲ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅನ್ನುವವರು ಇನ್ನೊಂದು ಥರ. ಎರಡನೇ ಥರದವರ ಹತ್ತಿರ ಮಗು ಬಿಡೋಕೆ ನಾನಂತೂ ಒಪ್ಪುವುದಿಲ್ಲ, ಫೀಸ್ ಎಷ್ಟೇ ಕಡಿಮೆ ಇರಲಿ.

ದೂರು ಪೆಟ್ಟಿಗೆ ಎಲ್ಲಿದೆ ಅಂತಲೂ ನೋಡಿ. ಆಫೀಸ್ ಬಾಗಿಲ ಪಕ್ಕ ಇದ್ದರೆ ಯಾವ ಮಗು ಅದರೊಳಗೆ ಚೀಟಿ ಹಾಕುತ್ತದೆ? ಮಕ್ಕಳು ಮಲಗುವ ಕಡೆ ಇರಬೇಕು, ಕೀಲಿ ವಾರ್ಡನ್ ಹತ್ತಿರ ಇರಬಾರದು.

ಬಿಡುವ ವಾರ ಮಗುವಿಗೆ ಏನು ಹೇಳಿಕೊಡಬೇಕು

ಟ್ರಂಕು, ಬಕೆಟ್ಟು, ಬೆಡ್‌ಶೀಟು, ಚಕ್ಕುಲಿ ಡಬ್ಬ ಎಲ್ಲಾ ರೆಡಿ ಮಾಡುತ್ತೇವೆ. 'ದೊಡ್ಡವರು ಹೇಳಿದ ಹಾಗೆ ಕೇಳು, ಎದುರು ಮಾತಾಡಬೇಡ' ಅಂತ ಬುದ್ಧಿಯನ್ನೂ ಹೇಳುತ್ತೇವೆ. ಈ ಬುದ್ಧಿಮಾತೇ ಮಗುವಿನ ಬಾಯಿ ಕಟ್ಟುತ್ತದೆ. ಅದರ ಜೊತೆ ಇನ್ನೊಂದು ಮಾತು ಸೇರಿಸಿ: 'ಮೈ ಮುಟ್ಟೋ ವಿಷಯದಲ್ಲಿ ಯಾರ ಮಾತೂ ಕೇಳಬೇಕಾಗಿಲ್ಲ.' ಚಡ್ಡಿ, ಬನಿಯನ್ ಮುಚ್ಚುವ ಜಾಗವನ್ನು ಯಾರೂ ಮುಟ್ಟುವ ಹಾಗಿಲ್ಲ, ನೋಡುವ ಹಾಗಿಲ್ಲ, ಫೋಟೋ ತೆಗೆಯುವ ಹಾಗಿಲ್ಲ, ತಮ್ಮದನ್ನು ತೋರಿಸುವ ಹಾಗೂ ಇಲ್ಲ. ಡಾಕ್ಟರ್ ಆದರೂ ಜೊತೆಗೆ ಇನ್ನೊಬ್ಬರು ನಂಬಿಕಸ್ತರು ಇರಬೇಕು. ಜಾಗಗಳ ಹೆಸರನ್ನು ನಾಚಿಕೆ ಇಲ್ಲದೆ ಹೇಳಿಕೊಡಿ. ಹೆಸರೇ ಗೊತ್ತಿಲ್ಲದ ಮಗು 'ಹೊಟ್ಟೆ ನೋವು' ಅಂತಷ್ಟೇ ಹೇಳುತ್ತದೆ, ನಾವು ಓಮದ ನೀರು ಕೊಟ್ಟು ಸುಮ್ಮನಾಗುತ್ತೇವೆ.

ಗುಟ್ಟಿನ ಬಗ್ಗೆ ಹೇಳಿಕೊಡಿ. ಬರ್ತ್‌ಡೇ ಉಡುಗೊರೆಯ ಗುಟ್ಟು ಸರಿ. 'ಅಪ್ಪ ಅಮ್ಮನಿಗೆ ಹೇಳಬೇಡ' ಅಂತ ದೊಡ್ಡವರು ಹೇಳಿದ ಗುಟ್ಟನ್ನು ಅವತ್ತೇ ಹೇಳಬೇಕು. ಯಾರಾದರೂ ಒಬ್ಬನಿಗೆ ಮಾತ್ರ ಚಾಕೊಲೇಟು, ವಾಚು, ಮೊಬೈಲ್ ನೋಡೋಕೆ ಕೊಡುವುದು ಮಾಡಿದರೂ ಹೇಳಬೇಕು. ದುಷ್ಟರು ಶುರು ಮಾಡುವುದು ಹೊಡೆಯುವುದರಿಂದಲ್ಲ, ಪ್ರೀತಿ ತೋರಿಸುವುದರಿಂದ. ಅಪ್ಪ ಅಮ್ಮನ ಹತ್ತಿರವೂ ಹಾಗೇ ಬರುತ್ತಾರೆ. "ಇವ್ನ ಫೀಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ನಾನು ನೋಡ್ಕೋತೀನಿ, ನನ್ ಮಗನ ಥರ" ಅಂತ. ಒಳ್ಳೆಯ ಮನಸ್ಸಿನಿಂದ ಹೇಳುವವರೂ ಇದ್ದಾರೆ, ಅವರಿಗೆ ಮಗುವಿನ ಜೊತೆ ಒಂಟಿಯಾಗಿ ಇರುವ ಅಗತ್ಯ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಒಂದು ಸಂಕೇತದ ಮಾತು ಇಟ್ಟುಕೊಳ್ಳಿ. ಇದು ಬಹಳ ಉಪಯೋಗಕ್ಕೆ ಬರುತ್ತದೆ. ಹಾಸ್ಟೆಲಿನಲ್ಲಿ ಫೋನ್ ಮಾಡಿಸುವಾಗ ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರೆ, ಎಷ್ಟೋ ಕಡೆ ಸ್ಪೀಕರ್ ಆನ್ ಇರುತ್ತದೆ. ಮಗು "ಅಮ್ಮ, ಟ್ರಂಕಿನ ಬೀಗ ಕೆಟ್ಟೋಗಿದೆ" ಅಂದರೆ 'ಇಲ್ಲಿ ಏನೋ ಸರಿ ಇಲ್ಲ, ಬಾ' ಅಂತ ಅರ್ಥ. ನೀವು ಆಗ "ಯಾಕೆ? ಏನಾಯ್ತು? ಯಾರು ಏನಂದ್ರು?" ಅಂತ ಶುರು ಮಾಡಬಾರದು. "ಆಯ್ತು ಪುಟ್ಟಾ, ಹೊಸ ಬೀಗ ತಗೊಂಡು ಬರ್ತೀನಿ" ಅಂತಷ್ಟೇ ಹೇಳಿ, ಅವತ್ತೇ ಹೊರಡಿ. ಇದನ್ನು ಮನೆಯಲ್ಲಿ ಆಟದ ಥರ ಎರಡು ಮೂರು ಸಲ ಆಡಿಸಿ, ಬಾಯಿಗೆ ಬರಬೇಕು. ಮಗು ಸುಮ್ನೆ ಮನೆಗೆ ಬರಬೇಕು ಅಂತ ಒಮ್ಮೆ ಸುಳ್ಳೇ ಬೀಗ ಕೆಡಿಸಿದರೂ ಬೈಯಬೇಡಿ. ಕರೆದರೆ ಬರುತ್ತಾರೆ ಅಂತ ಅದಕ್ಕೆ ಗೊತ್ತಾಯಿತಲ್ಲ, ಬಸ್ ಚಾರ್ಜು ದಂಡ ಆಗಲಿಲ್ಲ.

ನಂಬರ್ ಬಾಯಿಪಾಠ ಮಾಡಿಸಿ. ಅಪ್ಪ ಅಥವಾ ಅಮ್ಮನದ್ದು ಒಂದು, ಅತ್ತೆಯೋ ಮಾವನೋ ಇನ್ನೊಬ್ಬರದ್ದು ಒಂದು, ಮತ್ತೆ 1098. ಹತ್ತು, ಒಂಬತ್ತು, ಎಂಟು ಅಂತ ಹೇಳಿಕೊಟ್ಟರೆ ಮರೆಯುವುದಿಲ್ಲ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಯಾವ ಫೋನಿನಿಂದ ಮಾಡಿದರೂ ದುಡ್ಡು ಹೋಗುವುದಿಲ್ಲ. ಮಗುವೇ ಮಾಡಬಹುದು, ನೀವೂ ಮಾಡಬಹುದು, ಹೆಸರು ಹೇಳದೆಯೂ ಮಾಡಬಹುದು.

ಬಿಟ್ಟ ಮೇಲೆ

ಭೇಟಿಗೆ ಹೇಳಿ ಹೋಗುವುದು ಒಂದು, ಹೇಳದೆ ಹೋಗುವುದು ಒಂದು. ಎರಡೂ ಮಾಡಿ. ತೋಟದ ಕೆಲಸಕ್ಕೆ ಹೋಗುವವರಿಗೆ ಹಣ್ಣು ಕೊಯ್ಲಿನ ಸಮಯದಲ್ಲಿ ರಜೆ ಸಿಗುವುದಿಲ್ಲ, ಗೊತ್ತು. ಒಂದೇ ಲೈನಿನ, ಒಂದೇ ಊರಿನ ನಾಲ್ಕು ಮನೆಯವರು ಸೇರಿ ಸರದಿ ಹಾಕಿಕೊಳ್ಳಿ. ಈ ಭಾನುವಾರ ಒಬ್ಬರು ಹೋಗಿ ನಾಲ್ಕೂ ಮಕ್ಕಳನ್ನು ನೋಡಿ ಬರಲಿ, ಮುಂದಿನ ಭಾನುವಾರ ಇನ್ನೊಬ್ಬರು. ಯಾರ ಮಗು ಅಂತಲೇ ಗೊತ್ತಾಗದ ಹಾಗೆ ಜನ ಬಂದು ಹೋಗುತ್ತಿದ್ದರೆ ಆ ಹಾಸ್ಟೆಲಿನಲ್ಲಿ ಎಲ್ಲರೂ ಸ್ವಲ್ಪ ನೆಟ್ಟಗಿರುತ್ತಾರೆ. ಪೇರೆಂಟ್ಸ್ ವಾಟ್ಸಾಪ್ ಗ್ರೂಪ್ ಇರುತ್ತದಲ್ಲ, ಅದಕ್ಕೆ ವಾರ್ಡನ್ನೇ ಅಡ್ಮಿನ್. ಅದು ಇರಲಿ, ಅವರಿಲ್ಲದ ಇನ್ನೊಂದು ಗ್ರೂಪನ್ನೂ ಮಾಡಿಕೊಳ್ಳಿ. ಆದರೆ ಅಲ್ಲಿ ಮಕ್ಕಳ ಹೆಸರು ಹಿಡಿದು ಸುದ್ದಿ ಹಾಕಬೇಡಿ.

ಹೋದಾಗ ಮಗುವನ್ನು ಕಾಂಪೌಂಡಿನ ಹೊರಗೆ ಕರೆದುಕೊಂಡು ಬನ್ನಿ. ಬೇಕರಿಯಲ್ಲಿ ಒಂದು ಬನ್ ಕೊಡಿಸಿ, ನಿಧಾನಕ್ಕೆ ಮಾತಾಡಿಸಿ. 'ಎಲ್ಲಾ ಚೆನ್ನಾಗಿದ್ಯಾ?' ಅಂತ ಕೇಳಿದರೆ 'ಹೂಂ' ಅಂತಲೇ ಉತ್ತರ ಬರುತ್ತದೆ. ಬೇರೆ ಥರ ಕೇಳಬೇಕು. ನಿನ್ನ ಪಕ್ಕ ಯಾರು ಮಲಗ್ತಾರೆ? ರಾತ್ರಿ ಕರೆಂಟ್ ಹೋದ್ರೆ ಏನ್ ಮಾಡ್ತೀರಾ? ಯಾವ ಸಾರ್ ಅಂದ್ರೆ ಎಲ್ರಿಗೂ ಭಯ? ಯಾವ ಟೀಚರ್ ಹತ್ರ ಏನ್ ಬೇಕಾದ್ರೂ ಹೇಳ್ಬಹುದು? ಈ ಕಡೆಯ ಪ್ರಶ್ನೆಗೆ ಮಗು ಒಂದೂ ಹೆಸರು ಹೇಳಲಿಲ್ಲ ಅಂದರೆ ಯೋಚನೆ ಮಾಡಬೇಕಾದ ವಿಷಯ.

ಮನೆ ನೆನಪಾಗಿ ಅಳುವುದಕ್ಕೂ ಹೆದರಿ ಅಳುವುದಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು ಅಂತ ಬಹಳ ಜನ ಕೇಳುತ್ತಾರೆ. ಮನೆ ನೆನಪಿಗೆ ಅಳುವ ಮಗು ಅಮ್ಮ, ತಮ್ಮ, ನಾಯಿಮರಿ ಅಂತ ಮನೆಯದ್ದೇ ಮಾತಾಡುತ್ತದೆ, ದಿನ ಕಳೆದ ಹಾಗೆ ಕಡಿಮೆಯಾಗುತ್ತದೆ, ಸ್ನೇಹಿತರ ಹೆಸರು ಮಾತಿನಲ್ಲಿ ಬರೋಕೆ ಶುರುವಾಗುತ್ತದೆ. ಹೆದರಿದ ಮಗುವಿನ ಭಯಕ್ಕೆ ಒಂದು ಜಾಗ, ಒಂದು ಹೊತ್ತು, ಒಬ್ಬ ಮನುಷ್ಯ ಇರುತ್ತದೆ. ರಾತ್ರಿ ಬೇಡ, ಆ ರೂಮ್ ಬೇಡ, ಅವರ ಕ್ಲಾಸ್ ಬೇಡ. ಇನ್ನು ಮೊದಲು ಚೆನ್ನಾಗಿದ್ದ ಮಗು ನಡುವೆ ಬದಲಾಗುವುದು: ಹಾಸಿಗೆಯಲ್ಲಿ ಮತ್ತೆ ಒಂದ ಮಾಡಿಕೊಳ್ಳುವುದು, ಸ್ನಾನಕ್ಕೆ ಬಟ್ಟೆ ಬಿಚ್ಚೋಕೆ ಒಪ್ಪದೇ ಇರುವುದು, ಕೂರೋಕೆ ನಡೆಯೋಕೆ ಕಷ್ಟಪಡುವುದು, ವಯಸ್ಸಿಗೆ ಮೀರಿದ ಮಾತಾಡುವುದು, ಕೈ ಕೊಯ್ದುಕೊಳ್ಳುವುದು, ಎಲ್ಲಿಂದ ಬಂತು ಅಂತ ಹೇಳದ ದುಡ್ಡು ಅಥವಾ ಫೋನ್. ಇವುಗಳಲ್ಲಿ ಒಂದು ಕಂಡ ತಕ್ಷಣ ಹೀಗೇ ಆಗಿದೆ ಅಂತ ತೀರ್ಮಾನ ಬೇಡ, ಆದರೆ 'ಸೋಮಾರಿತನ, ನಾಟಕ' ಅಂತ ಎರಡು ಬಾರಿಸಿ ವಾಪಸ್ ಬಸ್ ಹತ್ತಿಸುವುದು ಖಂಡಿತ ಬೇಡ. ದೀಪಾವಳಿ ರಜೆ ಮುಗಿದು ಹೊರಡುವ ಹಿಂದಿನ ರಾತ್ರಿ ಮಗು ಹೇಗಿರುತ್ತದೆ ಅನ್ನುವುದನ್ನು ಗಮನವಿಟ್ಟು ನೋಡಿ.

ನಮ್ಮ ಮಲೆನಾಡಿನಲ್ಲಿ ಯೋಚಿಸಲೇಬೇಕಾದ ಒಂದು ವಿಷಯ ಮಳೆ ರಜೆ. ಜುಲೈ ಆಗಸ್ಟಿನಲ್ಲಿ ಡಿಸಿ ರಜೆ ಘೋಷಿಸುತ್ತಾರೆ, ಹತ್ತಿರದ ಮಕ್ಕಳು ಮನೆಗೆ ಹೋಗುತ್ತಾರೆ, ದೂರದವರು ಏಳೆಂಟು ಮಂದಿ ಹಾಸ್ಟೆಲಿನಲ್ಲೇ ಉಳಿಯುತ್ತಾರೆ. ಅರ್ಧ ಸಿಬ್ಬಂದಿ ಇರುವುದಿಲ್ಲ, ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ವರ್ಷದಲ್ಲಿ ಜಾಸ್ತಿ ಎಚ್ಚರ ಬೇಕಾದ ದಿನಗಳು ಇವೇ. ಜೂನಿನಲ್ಲೇ ಕೇಳಿಟ್ಟುಕೊಳ್ಳಿ, ಮಳೆ ರಜೆಗೆ ಉಳಿದ ಮಕ್ಕಳ ಜೊತೆ ಯಾರಿರುತ್ತಾರೆ ಅಂತ. ಹತ್ತಿರದಲ್ಲಿ ನೆಂಟರಿದ್ದರೆ ಅಲ್ಲಿಗೆ ಕಳಿಸೋಕೆ ಅವರ ಹೆಸರು, ಫೋಟೋ ಮೊದಲೇ ಹಾಸ್ಟೆಲಿಗೆ ಬರೆದುಕೊಡಿ. ಬರೆದುಕೊಟ್ಟವರ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಕಳಿಸಬೇಡಿ ಅಂತಲೂ ಬರೆಯಿರಿ.

ನೆಂಟರ ಮನೆ ಅಂದೆ. ಅದಕ್ಕೂ ಇದೇ ಎಚ್ಚರ ಬೇಕು. ಓದೋಕೆ ಅಂತ ಹಾಸನದ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟ ಮಗು, 'ಓದಿಸ್ತೀವಿ, ಮನೆಯಲ್ಲಿ ಸ್ವಲ್ಪ ಕೈಗೆ ಕಾಲಿಗೆ ಆಗ್ತಾಳೆ' ಅಂತ ಬೆಂಗಳೂರಿಗೆ ಕರೆದುಕೊಂಡು ಹೋದ ಹುಡುಗಿ, ಇವರಿಗೆ ವಾರ್ಡನ್ನೂ ಇಲ್ಲ, ದೂರು ಪೆಟ್ಟಿಗೆಯೂ ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಅಂಥ ಕಡೆ ಕಳಿಸಲೇಬೇಡಿ ಅನ್ನುವುದು ನನ್ನ ಮಾತು.

ಮಗು ಹೇಳಿದರೆ

ಇಲ್ಲಿ ನಿಧಾನವಾಗಿ ಓದಿ.

ಮಗು ನೇರವಾಗಿ ಹೇಳುವುದು ಕಡಿಮೆ. ಟಿವಿ ನೋಡುತ್ತಾ, ತಲೆ ಬಾಚಿಸಿಕೊಳ್ಳುತ್ತಾ, 'ನನ್ ಫ್ರೆಂಡ್‌ಗೆ ಹೀಗಾಯ್ತು' ಅಂತ ಒಂದು ತುಂಡು ಬಿಡುತ್ತದೆ. ನಮ್ಮ ಮುಖ ನೋಡುತ್ತದೆ. ನಾವು ಗಾಬರಿಯಾದರೆ ಅಲ್ಲಿಗೇ ನಿಲ್ಲಿಸುತ್ತದೆ. ಕೈ ಕೆಲಸ ಬಿಡದೆ, ಬಾಚಣಿಗೆ ನಿಲ್ಲಿಸದೆ, "ಹೌದಾ, ಆಮೇಲೆ?" ಅಂತ ಕೇಳಿ. "ನೀನು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ. ನಾನು ಇದೀನಿ." ಇಷ್ಟು ಸಾಕು. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕಾಗುತ್ತದೆ. 'ನೀನ್ಯಾಕೆ ಅಲ್ಲಿಗೆ ಹೋದೆ, ಕೂಗಬಾರದಿತ್ತಾ, ಆಗಲೇ ಯಾಕೆ ಹೇಳಲಿಲ್ಲ' ಇವು ಮೂರೂ ಬಾಯಿಗೆ ಬಂದೇ ಬರುತ್ತವೆ, ನುಂಗಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಶಾಲೆ, ಚರ್ಚು, ಅನಾಥಾಲಯಗಳಲ್ಲಿ ಮಕ್ಕಳಿಗೆ ಆದ ಲೈಂಗಿಕ ದೌರ್ಜನ್ಯದ ಬಗ್ಗೆ 2013ರಿಂದ 2017ರವರೆಗೆ ಒಂದು ರಾಯಲ್ ಕಮಿಷನ್ ವಿಚಾರಣೆ ನಡೆಸಿತು. ಅದರ ಮುಂದೆ ಬಂದು ಹೇಳಿಕೊಂಡವರು ಮೊದಲ ಸಲ ಬಾಯಿ ಬಿಡೋಕೆ ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು. ನಿಮ್ಮ ಮಗು ಎರಡು ತಿಂಗಳಿಗೆ ಹೇಳಿದರೆ ಅದು ಬೇಗ ಹೇಳಿದ ಹಾಗೆ.

ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ, ತಾರೀಕು ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಮತ್ತೆ ಮತ್ತೆ ಕೇಳಬೇಡಿ, ಅಜ್ಜಿ ಬಂದಾಗ ಒಮ್ಮೆ, ಮಾವ ಬಂದಾಗ ಒಮ್ಮೆ ಹೇಳಿಸಬೇಡಿ. ಘಟನೆ ಮೊನ್ನೆ ನಿನ್ನೆಯದ್ದಾದರೆ ಮಗುವಿಗೆ ಸ್ನಾನ ಮಾಡಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹಾಕಿದ್ದ ಬಟ್ಟೆ ಒಗೆಯದೆ ಪೇಪರ್ ಕವರಿನಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ. 72 ಗಂಟೆ ಒಳಗೆ ಹೋದರೆ ಎಚ್‌ಐವಿ ತಡೆಯುವ ಮಾತ್ರೆಯನ್ನೂ ಶುರು ಮಾಡಬಹುದು. ಸರ್ಕಾರಿ ಆಸ್ಪತ್ರೆ ಇರಲಿ ಖಾಸಗಿ ಇರಲಿ, ಚಿಕಿತ್ಸೆ ತಕ್ಷಣ ಮತ್ತು ಪುಕ್ಕಟೆ ಕೊಡಬೇಕು ಅನ್ನುವುದು ಕಾನೂನು. 'ಮೊದಲು ಎಫ್‌ಐಆರ್ ತಗೊಂಡು ಬನ್ನಿ' ಅನ್ನುವ ಹಾಗಿಲ್ಲ. ಹುಡುಗಿಯಾದರೆ ಲೇಡಿ ಡಾಕ್ಟರೇ ನೋಡಬೇಕು, ಮಗು ನಂಬುವವರೊಬ್ಬರು ಜೊತೆಗಿರಬೇಕು.

ಇನ್ನು ಎಲ್ಲರೂ ಮಾಡುವ ಒಂದು ಕೆಲಸ: ಸೀದಾ ಹಾಸ್ಟೆಲಿಗೆ ಹೋಗಿ ಜಗಳ ಮಾಡುವುದು. ಬೇಡ. ನೀವು ಕೂಗಾಡಿ ಬಂದ ಅರ್ಧ ಗಂಟೆಯಲ್ಲಿ ಕ್ಯಾಮೆರಾ ರೆಕಾರ್ಡಿಂಗ್ ಹೋಗಿರುತ್ತದೆ, ಉಳಿದ ಮಕ್ಕಳನ್ನು ಕೂರಿಸಿ ಹೆದರಿಸಿರುತ್ತಾರೆ, ಸಂಜೆಗೆ ನಿಮ್ಮ ಮನೆಗೆ ಊರ ದೊಡ್ಡವರು ಬಂದಿರುತ್ತಾರೆ. "ಮಗಳ ಭವಿಷ್ಯ ನೋಡು, ನಾಳೆ ಮದುವೆ ಆಗ್ಬೇಕು, ಸಂಸ್ಥೆ ಹೆಸರು ಹಾಳಾಗುತ್ತೆ, ಕೂತು ಬಗೆಹರಿಸೋಣ." ಈ ಪಂಚಾಯ್ತಿಗೆ ಕೂರಲೇಬೇಡಿ. ಪೋಕ್ಸೋ ಪ್ರಕರಣವನ್ನು ದುಡ್ಡು ಕೊಟ್ಟು ರಾಜಿ ಮಾಡಿಕೊಳ್ಳೋಕೆ ಬರುವುದಿಲ್ಲ. ರಾಜಸ್ಥಾನದಲ್ಲಿ ಮೇಷ್ಟ್ರೊಬ್ಬರ ಮೇಲಿನ ಕೇಸನ್ನು ಮಗುವಿನ ತಂದೆ ರಾಜಿಯಾದರು ಅಂತ ಹೈಕೋರ್ಟ್ ರದ್ದು ಮಾಡಿತ್ತು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಕೇಸ್ ನಡೆಯಲಿ ಅಂದಿತು. ಮನೆಗೆ ಬಂದ ದೊಡ್ಡವರಿಗೆ ಇದನ್ನೇ ಹೇಳಿ.

ಹೋಗಬೇಕಾದ್ದು ಪೊಲೀಸ್ ಠಾಣೆಗೆ, ಇಲ್ಲವೇ 1098ಕ್ಕೆ ಅಥವಾ 112ಕ್ಕೆ ಫೋನ್. ಹಾಸ್ಟೆಲ್ ಮೂಡಿಗೆರೆಯಲ್ಲಿದ್ದು ನೀವು ಬೇಲೂರಿನವರಾದರೆ ಬೇಲೂರಿನ ಠಾಣೆಯಲ್ಲೇ ದೂರು ಕೊಡಬಹುದು. 'ಇದು ನಮ್ಮ ಲಿಮಿಟ್ ಅಲ್ಲ' ಅಂದರೆ ಜೀರೋ ಎಫ್‌ಐಆರ್ ಮಾಡಿ ಅಂತ ಹೇಳಿ, ಅವರೇ ಆ ಕಡೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ತೆಗೆದುಕೊಳ್ಳೋಕೆ ಒಪ್ಪದಿದ್ದರೆ ಎಸ್‌ಪಿ ಆಫೀಸಿಗೆ ಹೋಗಿ. ಪೋಕ್ಸೋ ದೂರು ದಾಖಲಿಸದೇ ಇರುವುದೂ ಅಪರಾಧವೇ.

ಮಗುವನ್ನು ಠಾಣೆಯಲ್ಲಿ ಕೂರಿಸಿ ಕೇಳಬೇಕು ಅಂತ ಇಲ್ಲ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಇಷ್ಟಪಡುವ ಜಾಗದಲ್ಲಿ ಬರೆದುಕೊಳ್ಳಬೇಕು, ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಬರಬೇಕು, ಯೂನಿಫಾರ್ಮ್ ಹಾಕಿರಬಾರದು, ಅಪ್ಪ ಅಮ್ಮನೋ ಮಗು ನಂಬುವವರೋ ಪಕ್ಕದಲ್ಲಿರಬೇಕು, ರಾತ್ರಿ ಯಾವ ಕಾರಣಕ್ಕೂ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಪೊಲೀಸರು 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಈ ಸಮಿತಿ ಜಿಲ್ಲೆಯಲ್ಲಿ ಇರುತ್ತದೆ, ಅಧ್ಯಕ್ಷರು ಮತ್ತು ನಾಲ್ಕು ಸದಸ್ಯರು, ಅದರಲ್ಲಿ ಒಬ್ಬರಾದರೂ ಮಹಿಳೆ. ಕೋರ್ಟು ಮುಗಿಯುವವರೆಗೆ ಮಗುವಿನ ಜೊತೆ ಇರೋಕೆ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಿ ಅಂತ ಸಮಿತಿಯನ್ನು ಕೇಳಿ, ಅದು ನಿಮ್ಮ ಹಕ್ಕು. ಬಸ್ಸಿಗೆ, ಊಟಕ್ಕೆ, ಬಟ್ಟೆಗೆ ತುರ್ತು ಹಣವನ್ನೂ ಸಮಿತಿ ಶಿಫಾರಸು ಮಾಡಬಹುದು, ಶಿಫಾರಸು ತಲುಪಿದ ಒಂದು ವಾರದೊಳಗೆ ಕೊಡಬೇಕು. ಕೂಲಿ ಬಿಟ್ಟು ಹಾಸನಕ್ಕೆ ಓಡಾಡುವವರು ಇದನ್ನು ಕೇಳೋಕೆ ಸಂಕೋಚಪಡಬೇಡಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ಸಿಗುತ್ತಾರೆ, ಅದರ ನಂಬರ್ 15100.

ಮಗುವಿನ ಹೆಸರು, ಫೋಟೋ, ಊರು, ಶಾಲೆ ಯಾವುದನ್ನೂ ಸ್ಟೇಟಸ್ಸಿಗೆ ಹಾಕಬೇಡಿ, ಟಿವಿಯವರಿಗೆ ಕೊಡಬೇಡಿ. 'ನ್ಯಾಯ ಸಿಗಲಿ' ಅಂತ ಒಳ್ಳೆ ಮನಸ್ಸಿನಿಂದ ಹಾಕಿದರೂ ತಪ್ಪೇ.

ಹೊಡೆಯುವುದು, ಊಟ ಬಿಡಿಸುವುದು, ಜಾತಿ ಹಿಡಿದು ಬೈಯುವುದು, ಟಾಯ್ಲೆಟ್ ತೊಳೆಸುವುದು, ಇವೂ ದೌರ್ಜನ್ಯವೇ. ಶಿಸ್ತು ಅಂತ ಒಪ್ಪಿಕೊಳ್ಳಬೇಡಿ. ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ 2009ರಲ್ಲೇ ನಿಷೇಧಿಸಿದೆ, ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯ ಸಿಬ್ಬಂದಿಯೇ ಕ್ರೌರ್ಯ ತೋರಿಸಿದರೆ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಒಳಗೆ ಕೆಲಸ ಮಾಡುವವರಿಗೆ

ಅಡುಗೆಯವರು, ಆಯಾ, ಹೊಸದಾಗಿ ಸೇರಿದ ಟೀಚರ್, ಇವರಿಗೆ ಎಷ್ಟೋ ಸಲ ಮೊದಲೇ ಅನುಮಾನ ಬಂದಿರುತ್ತದೆ. ಕೆಲಸ ಹೋಗುತ್ತದೆ ಅಂತ ಸುಮ್ಮನಿರುತ್ತಾರೆ. ಭಯ ಸುಳ್ಳಲ್ಲ. ಆದರೆ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ತಿಳಿಸದವರಿಗೆ 6 ತಿಂಗಳವರೆಗೆ ಜೈಲು ಇದೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೆಡ್‌ಮಾಸ್ಟರಿಗೆ ಹೇಳಿದ್ದೇನೆ ಅಂದರೆ ಮುಗಿಯುವುದಿಲ್ಲ, ಪೊಲೀಸರಿಗೆ ತಲುಪಬೇಕು. ಪುರಾವೆ ಹುಡುಕುವುದು ನಿಮ್ಮ ಕೆಲಸ ಅಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದ್ದು ಆಮೇಲೆ ಸಾಬೀತಾಗದಿದ್ದರೂ ನಿಮ್ಮ ಮೇಲೆ ಕೇಸ್ ಆಗುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ.

ಪರಿಶೀಲನೆಗೆ ಬರುವ ಅಧಿಕಾರಿಗಳು, ಕಮಿಟಿಯವರು ಈ ಬರಹ ಓದಿದರೆ ಒಂದು ವಿನಂತಿ. ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯ ಮನೆಯ ಕಥೆ ಹೊರಗೆ ಬಂದದ್ದು ರಿಜಿಸ್ಟರ್ ನೋಡಿದ್ದರಿಂದಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಹೋಗಿ, ಕೂತು, ಮಕ್ಕಳ ಜೊತೆ ಮಾತಾಡಿತು. 2018ರಲ್ಲಿ ಅವರ ವರದಿಯಿಂದ ವಿಷಯ ಬಯಲಾಯಿತು, 2020ರ ಜನವರಿಯಲ್ಲಿ ದೆಹಲಿಯ ಕೋರ್ಟ್ 19 ಜನ ತಪ್ಪಿತಸ್ಥರು ಅಂದಿತು. ನೀವು ಬಂದಾಗ ಪ್ರಿನ್ಸಿಪಾಲರನ್ನು, ವಾರ್ಡನ್ನನ್ನು ಹೊರಗೆ ಕಳಿಸಿ ಮಕ್ಕಳನ್ನು ಮಾತಾಡಿಸಿ. ಪಂಚಾಯ್ತಿಯವರು ಮಕ್ಕಳ ಗ್ರಾಮ ಸಭೆಗೆ ಹಾಸ್ಟೆಲ್ ಮಕ್ಕಳನ್ನೂ ಕರೆಯಿರಿ, ಹಾಡು ಹೇಳಿಸೋಕೆ ಮಾತ್ರ ಅಲ್ಲ.

ಕೊನೆಗೆ ಟಿಸಿ ವಿಷಯ, ಯಾಕೆಂದರೆ ಇದರಿಂದಲೇ ಬಹಳ ಜನ ಹಿಂದೆ ಸರಿಯುತ್ತಾರೆ. 'ಕಂಪ್ಲೇಂಟ್ ಕೊಟ್ರೆ ಟಿಸಿ ಕೊಡಲ್ಲ, ವರ್ಷ ಹಾಳಾಗುತ್ತೆ' ಅಂತ ಹೆದರಿಸುತ್ತಾರೆ. 8ನೇ ಕ್ಲಾಸಿನವರೆಗೆ ಮಗು ಕೇಳಿದ ತಕ್ಷಣ ಟಿಸಿ ಕೊಡಬೇಕು ಅನ್ನುವುದು ಆರ್‌ಟಿಇಯಲ್ಲೇ ಇದೆ, ಟಿಸಿ ಬಂದಿಲ್ಲ ಅಂತ ಇನ್ನೊಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಅದಕ್ಕೂ ಮೇಲಿನ ಕ್ಲಾಸಾದರೆ ಮಕ್ಕಳ ಕಲ್ಯಾಣ ಸಮಿತಿಯವರಿಂದ ಶಿಕ್ಷಣ ಇಲಾಖೆಯ ಬಿಇಓಗೆ ಅಥವಾ ಡಿಡಿಪಿಐಗೆ ಒಂದು ಪತ್ರ ಬರೆಸಿ. ಯಾವ ಆಫೀಸಿಗೆ ಅರ್ಜಿ ಕೊಟ್ಟರೂ ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.